ಲೆನ್ಸ್ ಹೋದರೂ ಆಟ ಉಳಿಯಬೇಕು

ಅಟ್ಟ ಸೇರಿದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಬಹಳ ಸಲ ಅದರಲ್ಲಿ ಕೆಟ್ಟಿರುವುದು ಒಂದೇ ಭಾಗ, ಡಿಸ್ಕ್ ಓದುವ ಲೆನ್ಸ್. ಉಳಿದದ್ದೆಲ್ಲ ಸರಿಯಾಗಿಯೇ ಇರುತ್ತದೆ. ಕರೆಂಟು ಕೊಟ್ಟರೆ ದೀಪ ಹತ್ತುತ್ತದೆ, ಟಿ.ವಿ.ಯಲ್ಲಿ ಕಂಪನಿಯ ಹೆಸರು ಮೂಡುತ್ತದೆ, ಜಾಯ್‌ಸ್ಟಿಕ್ಕಿನ ಗುಂಡಿಗಳು ಹೇಳಿದ ಮಾತು ಕೇಳುತ್ತವೆ. ಡಿಸ್ಕ್ ಹಾಕಿದಾಗ ಮಾತ್ರ ಒಳಗೆ ಕರಕರ ಸದ್ದಾಗಿ, ಓದಲಾಗುತ್ತಿಲ್ಲ ಎಂಬ ಸಾಲೊಂದು ಬಂದು ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಕಡಲೆಕಾಳಿನಷ್ಟು ಚಿಕ್ಕ ಮಸೂರ, ಅದರ ಹಿಂದೊಂದು ಲೇಸರ್, ಅದನ್ನು ಹಿಂದೆ ಮುಂದೆ ಜಾರಿಸುವ ಪುಟ್ಟ ಮೋಟಾರು: ಇಷ್ಟು ನಾಜೂಕಿನ ಸಾಮಾನು ಎಲ್ಲ ಊರಿನ ಹವೆಯನ್ನೂ ತಡೆದುಕೊಳ್ಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ ಮಳೆ ಹಿಡಿದರೆ ಗೋಡೆಗೆ, ಪುಸ್ತಕದ ರಟ್ಟಿಗೆ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ. ಡಿಸ್ಕಿಗೂ ಲೆನ್ಸಿಗೂ ಬರುತ್ತದೆ. ಶಿಕಾರಿಪುರ ಅರೆಮಲೆನಾಡು. ಅಲ್ಲಿ ಮಳೆಗಾಲದ ತೇವದ ಜತೆಗೆ ಬೇಸಿಗೆಯ ಧೂಳೂ ಸೇರಿಕೊಳ್ಳುತ್ತದೆ. ಬೆಂಗಳೂರಿನ ನೆಂಟರೋ ಹೊರದೇಶದಲ್ಲಿರುವ ಅಣ್ಣನೋ ತಂದುಕೊಟ್ಟ ಪೆಟ್ಟಿಗೆ ಇಲ್ಲಿ ಕೆಟ್ಟರೆ ಅದಕ್ಕೆ ಕಂಪನಿಯ ಬಿಡಿಭಾಗ ಸಿಗುವುದಿಲ್ಲ. ಶಿವಮೊಗ್ಗಕ್ಕೆ 50 ಕಿಲೋಮೀಟರಿಗೂ ಹೆಚ್ಚು ದೂರ ಒಯ್ದರೂ ಸಿಗುವುದು ಅನುಮಾನ. ಕಂಪನಿ ಅದನ್ನು ತಯಾರಿಸುವುದನ್ನೇ ಎಂದೋ ಬಿಟ್ಟಿದೆ.

ಇಂಥ ಪೆಟ್ಟಿಗೆಗೆ ಮರುಜೀವ ಕೊಡುವ ದಾರಿಯೊಂದಿದೆ. ಡಿಸ್ಕಿನಲ್ಲಿರುವ ಆಟವನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಪ್ರತಿ ಮಾಡಿಕೊಂಡು, ಲೆನ್ಸಿನ ಹಂಗಿಲ್ಲದೆ ಅಲ್ಲಿಂದಲೇ ಆಡುವುದು. ಕಂಪನಿ ಕೊಟ್ಟ ತಂತ್ರಾಂಶದಿಂದ ಇದು ಆಗುವುದಿಲ್ಲ. ಬಳಕೆದಾರರೇ ಬರೆದು ಉಚಿತವಾಗಿ ಹಂಚಿರುವ ತಂತ್ರಾಂಶ ಬೇಕು. ಅದಕ್ಕೆ ಹೋಮ್‌ಬ್ರೂ ಎಂದು ಹೆಸರು, ಮನೆಯಲ್ಲೇ ಕಾಸಿ ಇಳಿಸಿದ್ದು ಎಂಬ ಅರ್ಥದಲ್ಲಿ. ಇದರ ಹೆಸರೆತ್ತಿದ ಕೂಡಲೇ ಹಲವರ ಮನಸ್ಸಿಗೆ ಬರುವ ಮಾತು ಪೈರಸಿ. ಆ ಅನುಮಾನಕ್ಕೆ ಕಾರಣವಿದೆ, ಅದನ್ನು ಮುಂದೆ ನೋಡೋಣ. ದುಡ್ಡು ಕೊಟ್ಟು ಕೊಂಡ ಆಟವನ್ನು, ತಯಾರಕರು ಕೈಬಿಟ್ಟ ಯಂತ್ರದಲ್ಲಿ, ಸ್ವಂತಕ್ಕಾಗಿ ಹೀಗೆ ಆಡುವುದು ರಿಪೇರಿ ಕೆಲಸ ಎಂಬುದು ನನ್ನ ವಾದ. ನಮ್ಮ ದೇಶದ ಕಾನೂನು ಅದಕ್ಕೆ ಜಾಗ ಬಿಟ್ಟಿದೆ. ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಯವರು ಇದನ್ನು ಕದ್ದುಮುಚ್ಚಿ ಮಾಡಬೇಕಾದ ಅಗತ್ಯವೂ ಇಲ್ಲ.

ಉದಾಹರಣೆಗೆ ಸೋನಿಯ ಪ್ಲೇಸ್ಟೇಷನ್ 2 ಯಂತ್ರವನ್ನೇ ತೆಗೆದುಕೊಳ್ಳಬಹುದು. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಮಾರಾಟ ಶುರುವಾಗಿ 2013ರ ಆರಂಭದವರೆಗೆ ತಯಾರಾದ ಇದು ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಬಂದ ಕನ್ಸೋಲ್‌ಗಳಲ್ಲೂ ಇದರ ಹೆಸರೇ ಮೊದಲು ನೆನಪಾಗುವುದು. ಇದಕ್ಕೊಂದು ಪುಟ್ಟ ಮೆಮೊರಿ ಕಾರ್ಡ್ ಇತ್ತು, 8 ಎಂಬಿಯದು. ಆಟ ಎಲ್ಲಿಗೆ ನಿಂತಿತ್ತೆಂದು ಬರೆದಿಟ್ಟುಕೊಳ್ಳಲು. ಯಂತ್ರ ಚಾಲೂ ಆದಾಗ ಆ ಕಾರ್ಡಿನಲ್ಲಿ ತನ್ನ ತಯಾರಕರು ಕಳಿಸಿದ ಪರಿಷ್ಕರಣೆ ಏನಾದರೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಿತ್ತು. ಹವ್ಯಾಸಿ ಪ್ರೋಗ್ರಾಮರುಗಳು ಆ ಬಾಗಿಲನ್ನು ಗುರುತಿಸಿದರು. 2008ರಲ್ಲಿ ಹೊರಬಂದ ಫ್ರೀ ಎಂಸಿಬೂಟ್ ಎಂಬ ತಂತ್ರಾಂಶವನ್ನು ಕಾರ್ಡಿಗೆ ಹಾಕಿದರೆ ಯಂತ್ರ ಅದನ್ನೇ ಪರಿಷ್ಕರಣೆಯೆಂದು ನಂಬಿ ನಡೆಸುತ್ತದೆ. ಬೆಸುಗೆ ಹಾಕುವುದು ಬೇಡ, ಪೆಟ್ಟಿಗೆ ಬಿಚ್ಚುವುದೂ ಬೇಡ. ಕಾರ್ಡ್ ತೆಗೆದರೆ ಯಂತ್ರ ಮೊದಲಿನ ಹಾಗೆಯೇ ಇರುತ್ತದೆ. ಕೊನೆಯ ವರ್ಷಗಳ ತೆಳ್ಳನೆಯ ಮಾದರಿಗಳಲ್ಲಿ ಮಾತ್ರ ಸೋನಿ ಈ ಬಾಗಿಲು ಮುಚ್ಚಿತು. ಅವಕ್ಕೆ ಬೇರೆ ಉಪಾಯ ಹುಡುಕಬೇಕಾಯಿತು. ನಿಂಟೆಂಡೊದ ವೀ ಯಂತ್ರದ ಕಥೆ ಇನ್ನೂ ಸ್ವಾರಸ್ಯದ್ದು. 2006ರ ಜೆಲ್ಡಾ ಆಟವೊಂದರಲ್ಲಿ ನಾಯಕನ ಕುದುರೆಗೆ ಆಟಗಾರ ಹೆಸರಿಡಬಹುದಿತ್ತು. ಉಳಿಸಿಟ್ಟ ಕಡತದಲ್ಲಿ ಆ ಹೆಸರನ್ನು ಅಳತೆಗೆ ಮೀರಿ ಉದ್ದ ಮಾಡಿದರೆ ಯಂತ್ರದ ಲೆಕ್ಕ ತಪ್ಪಿ, ಹೊರಗಿನವರು ಬರೆದ ತಂತ್ರಾಂಶ ಒಳಗೆ ಬರಲು ದಾರಿಯಾಗುತ್ತಿತ್ತು. 2008ರಲ್ಲಿ ಆ ಯಂತ್ರದಲ್ಲಿ ಹೋಮ್‌ಬ್ರೂ ಕಾಲಿಟ್ಟದ್ದು ಆ ಕುದುರೆಯ ಹೆಸರಿನ ಮೇಲೆ.

ಬಾಗಿಲು ತೆರೆದ ಮೇಲಿನ ಕೆಲಸ ಲೋಡರ್ ಎಂಬ ತಂತ್ರಾಂಶದ್ದು. ಪ್ಲೇಸ್ಟೇಷನ್ 2ಕ್ಕೆ ಓಪನ್ ಪಿಎಸ್2 ಲೋಡರ್ ಇದೆ. ಅದರ ಮೂಲ ಸಾಲುಗಳನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಆಟ ನಡೆಯುವಾಗ ಯಂತ್ರ ಮತ್ತೆ ಮತ್ತೆ ಡಿಸ್ಕಿನ ಇಂಥ ಜಾಗದಲ್ಲಿರುವುದನ್ನು ಕೊಡು ಎಂದು ಕೇಳುತ್ತಿರುತ್ತದೆ. ಲೋಡರ್ ಆ ಕೋರಿಕೆಯನ್ನು ನಡುವೆಯೇ ಹಿಡಿದು ಲೆನ್ಸಿನ ಬದಲು ಡ್ರೈವಿನಿಂದ ಅದೇ ಭಾಗವನ್ನು ತಂದುಕೊಡುತ್ತದೆ. ಆಟಕ್ಕೆ ತಾನು ಓಡುತ್ತಿರುವುದು ಎಲ್ಲಿಂದ ಎಂಬುದೇ ತಿಳಿಯುವುದಿಲ್ಲ. ಈ ಯಂತ್ರದ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರಿನ ಡಿವಿಡಿ ಡ್ರೈವೂ ಓದುತ್ತದೆಯಾದ್ದರಿಂದ ಪ್ರತಿ ತೆಗೆಯುವುದು ಕಷ್ಟವಲ್ಲ. ತೊಡಕು ಬೇರೆ ಕಡೆ ಇದೆ. ಇದರ ಯುಎಸ್‌ಬಿ ಕಿಂಡಿ ಮೊದಲ ತಲೆಮಾರಿನದು, ಸೆಕೆಂಡಿಗೆ ಹೆಚ್ಚೆಂದರೆ ಒಂದೂವರೆ ಎಂಬಿ ಸಾಗಿಸುತ್ತದೆ. ಅದರ ಡಿವಿಡಿ ಲೆನ್ಸು ಸರಿಯಿದ್ದ ಕಾಲದಲ್ಲಿ ಸೆಕೆಂಡಿಗೆ 5 ಎಂಬಿಗೂ ಹೆಚ್ಚು ಓದುತ್ತಿತ್ತು. ಹಾಗಾಗಿ ಪೆನ್‌ಡ್ರೈವಿನಿಂದ ಆಡುವಾಗ ಆಟವೇನೋ ನಡೆಯುತ್ತದೆ, ನಡುನಡುವೆ ಬರುವ ವಿಡಿಯೋ ದೃಶ್ಯಗಳು ಮಾತ್ರ ತಡವರಿಸುತ್ತವೆ. ಸಾಮಾನ್ಯ ಪೆನ್‌ಡ್ರೈವಿನ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ಡಿವಿಡಿಯ ಆಟ ಅದಕ್ಕಿಂತ ದೊಡ್ಡದಿರಬಹುದು. ಅಂಥದನ್ನು ತುಂಡು ಮಾಡಿ ಹಾಕಬೇಕು. ಹಳೆಯ ದಪ್ಪ ಮಾದರಿಯಿದ್ದರೆ ಹಿಂಬದಿಯ ನೆಟ್‌ವರ್ಕ್ ಅಡಾಪ್ಟರಿನ ಮೂಲಕ ಹಾರ್ಡ್‌ಡಿಸ್ಕನ್ನೇ ಒಳಗೆ ಕೂರಿಸಬಹುದು, ಆಗ ವೇಗದ ತಕರಾರಿಲ್ಲ. ತೆಳ್ಳನೆಯ ಮಾದರಿಯಲ್ಲಿ ಆ ಜಾಗವಿಲ್ಲ. ಅದರ ಲ್ಯಾನ್ ಕಿಂಡಿಗೆ ತಂತಿ ಎಳೆದು ಮನೆಯ ಕಂಪ್ಯೂಟರಿನಿಂದ ಆಟ ತರಿಸಿಕೊಳ್ಳುವವರಿದ್ದಾರೆ. 500 ಜಿಬಿಯ ಒಂದು ಡ್ರೈವಿನಲ್ಲಿ ಹೆಚ್ಚುಕಡಿಮೆ ನೂರು ಡಿಸ್ಕುಗಳು ಕೂರುತ್ತವೆ. ಮಳೆಗಾಲದಲ್ಲಿ ಒಂದು ಡ್ರೈವನ್ನು ಬೆಚ್ಚಗಿಡುವುದು ನೂರು ಡಿಸ್ಕುಗಳನ್ನು ಒರೆಸುತ್ತ ಕೂರುವುದಕ್ಕಿಂತ ಸುಲಭ.

ಡಿಸ್ಕಿನ ಆಟವನ್ನು ಡ್ರೈವಿನಿಂದ ಆಡುವುದು ತನ್ನಷ್ಟಕ್ಕೆ ತಪ್ಪು ಕೆಲಸ ಎನ್ನುವವರು ಕಂಪನಿಗಳ ನಡೆಯನ್ನೇ ಗಮನಿಸಬೇಕು. 2008ರ ಕೊನೆಯಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ರಲ್ಲಿ ಡಿಸ್ಕಿನ ಆಟವನ್ನು ಪೂರ್ತಿಯಾಗಿ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳುವ ಅವಕಾಶ ಕೊಟ್ಟಿತು. ಅದರಿಂದ ಸದ್ದೂ ಕಡಿಮೆ, ಲೆನ್ಸಿನ ಸವೆತವೂ ಕಡಿಮೆ. ಒಂದೇ ಷರತ್ತು, ಮೂಲ ಡಿಸ್ಕ್ ತಟ್ಟೆಯಲ್ಲಿರಬೇಕು. ನಿಂಟೆಂಡೊದ ವೀ ಯೂ ಅಂಗಡಿಯಲ್ಲಿ ಸಿಗುವ ಮಾಮೂಲಿ ಯುಎಸ್‌ಬಿ ಹಾರ್ಡ್‌ಡಿಸ್ಕಿನಿಂದಲೇ ಆಟ ನಡೆಸುತ್ತಿತ್ತು. 2017ರಲ್ಲಿ ಸೋನಿಯೂ ಪ್ಲೇಸ್ಟೇಷನ್ 4ಕ್ಕೆ ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಲು ಬಿಟ್ಟಿತು. ಹಳೆಯ ಯಂತ್ರದ ಮಾಲೀಕರು ಹೋಮ್‌ಬ್ರೂ ಮೂಲಕ ಪಡೆಯುತ್ತಿರುವುದು, ಹೊಸ ಯಂತ್ರದ ಗಿರಾಕಿಗಳಿಗೆ ಕಂಪನಿಗಳು ತಾವಾಗಿ ಕೊಟ್ಟ ಅದೇ ಅನುಕೂಲ. ಆಟ ಯಾವುದರಿಂದ ಓಡುತ್ತದೆ ಎನ್ನುವುದಕ್ಕಿಂತ ಆಡುವವನ ಬಳಿ ಅದು ಹೇಗೆ ಬಂತು ಎನ್ನುವುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಜನಕ್ಕೆ ಈ ಮಾತು ಬೇಗ ಅರ್ಥವಾಗುತ್ತದೆ. ಭತ್ತ, ಗೋವಿನಜೋಳ, ಅಡಿಕೆ ಬೆಳೆಯುವ ಸೀಮೆಯಲ್ಲಿ ಯಂತ್ರ ಕೆಟ್ಟರೆ ಹೊಸದು ಕೊಳ್ಳುವುದು ಕೊನೆಯ ಮಾತು. ಸುಟ್ಟ ಪಂಪ್‌ಸೆಟ್ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ, ಅಲ್ಲಿ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿಕೊಡುತ್ತಾರೆ. ಕಂಪನಿಯ ತಂತಿ ತೆಗೆದು ಬೇರೆ ತಂತಿ ಹಾಕಿದಿರಿ ಎಂದು ಅಂಗಡಿಯವರನ್ನು ಯಾರೂ ಕಳ್ಳರೆನ್ನುವುದಿಲ್ಲ. ಸರ್ಕಾರವೂ ಈ ದಿಕ್ಕಿಗೆ ಬಂದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕೊಂದು ಜಾಲತಾಣವೂ ಶುರುವಾಯಿತು. ಸಮಿತಿ ಗುರುತಿಸಿದ ಕ್ಷೇತ್ರಗಳಲ್ಲಿ ಮೊಬೈಲು, ವಾಹನ, ಗೃಹಬಳಕೆಯ ಸಾಮಾನುಗಳ ಜತೆ ಕೃಷಿ ಉಪಕರಣವೂ ಇದೆ. ಕೊಂಡವನಿಗೆ ವಸ್ತುವಿನ ಮೇಲೆ ಪೂರ್ತಿ ಹಕ್ಕು ಇರಬೇಕು, ಕೆಟ್ಟರೆ ತನಗೆ ಬೇಕಾದವರ ಕೈಯಲ್ಲಿ ಸರಿ ಮಾಡಿಸಿಕೊಳ್ಳಲು ಆಗಬೇಕು ಎಂಬುದು ಅದರ ಹಿಂದಿನ ವಿಚಾರ. ಟಿಲ್ಲರಿಗೆ ಒಪ್ಪುವ ವಿಚಾರ ಗೇಮ್ ಪೆಟ್ಟಿಗೆಗೂ ಒಪ್ಪಬೇಕು. ತಯಾರಕರು ಕೊಡದಿದ್ದುದನ್ನು ಬಳಕೆದಾರರೇ ಮಾಡಿಕೊಂಡದ್ದು ಕನ್ನಡಕ್ಕೆ ಹೊಸದೂ ಅಲ್ಲ. ಕಂಪ್ಯೂಟರ್ ಕಂಪನಿಗಳು ಕನ್ನಡದ ಕಡೆ ಕಣ್ಣು ಹಾಯಿಸದಿದ್ದ ಕಾಲದಲ್ಲಿ, 1998ರಲ್ಲಿ, ಶೇಷಾದ್ರಿವಾಸು ಬರಹ ತಂತ್ರಾಂಶವನ್ನು ಬಿಡುವಿನ ಹೊತ್ತಿನಲ್ಲಿ ಬರೆದು ಉಚಿತವಾಗಿ ಹಂಚಿದರು. ಲಕ್ಷಾಂತರ ಕನ್ನಡಿಗರು ಕೀಲಿಮಣೆಯಲ್ಲಿ ತಮ್ಮ ಭಾಷೆ ಟೈಪಿಸಿದ್ದು ಅಂಥ ದುಡಿಮೆಯಿಂದ. ಹೋಮ್‌ಬ್ರೂ ಬರೆಯುವವರದೂ ಅದೇ ಜಾತಿಯ ದುಡಿಮೆ.

ಈಗ ಪೈರಸಿಯ ಆಕ್ಷೇಪ. ಈ ಲೋಡರ್‌ಗಳನ್ನು ಬಳಸುವವರಲ್ಲಿ ಬಹಳ ಮಂದಿ ಸ್ವಂತ ಡಿಸ್ಕಿನಿಂದ ಪ್ರತಿ ತೆಗೆದವರಲ್ಲ, ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಂಡವರು ಎನ್ನುವುದು ಆಕ್ಷೇಪಕರ ಮಾತು. ಇದನ್ನು ನಿರಾಕರಿಸಿದರೆ ಪ್ರಾಮಾಣಿಕತೆಯಾಗುವುದಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ನಮ್ಮ ಯಾವ ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಗೆ ಹೋದರೂ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಂಡು ಬರಬಹುದಿತ್ತು. ಅದರಲ್ಲಿ ಹಾಡು ಬರೆದವರಿಗೂ ಹಾಡಿದವರಿಗೂ ಒಂದು ಪೈಸೆ ಸೇರಲಿಲ್ಲ. ಗೇಮಿನ ಲೋಕದಲ್ಲೂ ನೂರಾರು ಆಟ ತುಂಬಿದ ಹಾರ್ಡ್‌ಡಿಸ್ಕನ್ನು ಮಾರುವವರಿದ್ದಾರೆ. ಅದು ಕಳ್ಳಮಾಲು, ಅದರ ಪರವಾಗಿ ಒಂದು ಮಾತನ್ನೂ ಆಡುವಂತಿಲ್ಲ. ಆದರೆ ಅವರ ತಪ್ಪಿಗೆ ತನ್ನ ಡಿಸ್ಕನ್ನು ತಾನೇ ಪ್ರತಿ ಮಾಡಿಕೊಂಡವನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಎರಡನ್ನೂ ಬೇರ್ಪಡಿಸುವ ಗೆರೆ ಸ್ಪಷ್ಟವಾಗಿದೆ: ಮೂಲ ಡಿಸ್ಕ್ ಕಪಾಟಿನಲ್ಲಿದೆಯೇ? ಇದ್ದರೆ ಡ್ರೈವಿನಲ್ಲಿರುವುದು ಅದರ ಕಾಪು ಪ್ರತಿ. ಡಿಸ್ಕನ್ನು ಮಾರಿದ ಅಥವಾ ಗೆಳೆಯನಿಗೆ ಕೊಟ್ಟ ದಿನ ಡ್ರೈವಿನಲ್ಲಿರುವುದನ್ನು ಅಳಿಸಬೇಕು, ಏಕೆಂದರೆ ಆ ಕ್ಷಣದಿಂದ ಅದು ಬೇರೊಬ್ಬರ ಆಟ. ಹೋಮ್‌ಬ್ರೂ ಬರೆಯುವವರು ಇನ್ನೊಬ್ಬರ ಹಕ್ಕಿನ ವಿಚಾರದಲ್ಲಿ ನಿರ್ಲಕ್ಷ್ಯದವರು ಎಂಬ ಮಾತೂ ಪೂರ್ತಿ ನಿಜವಲ್ಲ. ವೀ ಯಂತ್ರದ ಹೋಮ್‌ಬ್ರೂ ಚಾನೆಲ್ ಎಂಬ ತಂತ್ರಾಂಶ ಬರೆದ ತಂಡ 2025ರ ಏಪ್ರಿಲ್‌ನಲ್ಲಿ ತನ್ನ ಕೆಲಸವನ್ನು ನಿಲ್ಲಿಸಿತು. ತಾವು ನೆಚ್ಚಿಕೊಂಡಿದ್ದ ಪ್ರಮುಖ ಆಧಾರ ತಂತ್ರಾಂಶವೊಂದರಲ್ಲಿ ಇನ್ನೊಂದು ಮುಕ್ತ ತಂತ್ರಾಂಶದ ಸಾಲುಗಳನ್ನು ಮೂಲದವರ ಹೆಸರಿಲ್ಲದೆ ಬಳಸಲಾಗಿದೆ ಎಂಬುದು ಅವರು ಕೊಟ್ಟ ಕಾರಣ.

ಕಾನೂನಿನ ಮಾತಿಗೆ ಬಂದರೆ, 1957ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯನ್ನು ಓದದೆಯೇ ಅದರ ಹೆಸರಿನಲ್ಲಿ ಹೆದರಿಸುವವರು ಬಹಳ. ಅದರ 52ನೆಯ ಕಲಮು ಯಾವುದು ಉಲ್ಲಂಘನೆಯಲ್ಲ ಎಂದು ಹೇಳುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು, ಅದು ಕಳೆದುಹೋದೀತು, ನಾಶವಾದೀತು, ಹಾಳಾದೀತು ಎಂಬ ಎಚ್ಚರಿಕೆಗೆ ತಾತ್ಕಾಲಿಕ ಕಾಪು ಪ್ರತಿ ಮಾಡಿಕೊಳ್ಳಬಹುದು ಎಂದು ಅಲ್ಲಿ ಬರೆದಿದೆ. ಸ್ವಂತಕ್ಕೆ, ವ್ಯಾಪಾರದ ಉದ್ದೇಶವಿಲ್ಲದೆ, ನ್ಯಾಯವಾಗಿ ಪಡೆದ ಪ್ರತಿಯಿಂದ ಇನ್ನೊಂದು ಪ್ರತಿ ಮಾಡಿಕೊಳ್ಳಲು 1999ರ ತಿದ್ದುಪಡಿ ಪ್ರತ್ಯೇಕ ಅವಕಾಶವನ್ನೇ ಸೇರಿಸಿತು. ಆಟವೆಂದರೆ ಬರೀ ಪ್ರೋಗ್ರಾಮಲ್ಲ, ಅದರೊಳಗೆ ಸಂಗೀತವಿದೆ, ಚಿತ್ರವಿದೆ, ಅವಕ್ಕೆ ಈ ರಿಯಾಯಿತಿ ಹೇಗೆ ಅನ್ವಯಿಸುತ್ತದೆ ಎಂದು ಕೇಳಬಹುದು. ಅದೇ ಕಲಮಿನ ಮೊದಲ ಉಪವಾಕ್ಯ ಪ್ರೋಗ್ರಾಮನ್ನು ಬಿಟ್ಟು ಉಳಿದ ಯಾವುದೇ ಕೃತಿಯನ್ನು ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳಲು ಬಿಡುತ್ತದೆ. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಕೂಡಿಸಿ ಓದಿದರೆ ತನ್ನ ಡಿಸ್ಕಿನ ಪ್ರತಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡವನು ಉಲ್ಲಂಘಿಸಿದ್ದು ಏನನ್ನೂ ಅಲ್ಲ ಎಂಬುದೇ ನನ್ನ ತೀರ್ಮಾನ. ಕದ್ದ ಪ್ರತಿಯ ಮಾತು ಬೇರೆ. ಅದು ಕದ್ದದ್ದೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಮಿನಡಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭಕ್ಕಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯ ಸೆರೆಯನ್ನು ಬಿಡಬಹುದು, ದಂಡವನ್ನಷ್ಟೇ ವಿಧಿಸಬಹುದು.

ಇನ್ನೊಂದು ತೊಡಕು ಯಂತ್ರದ ಬೀಗದ್ದು. ಪ್ಲೇಸ್ಟೇಷನ್ 2ರ ಅಸಲಿ ಡಿಸ್ಕಿನಲ್ಲಿ ಪ್ರತಿ ಮಾಡಲಾಗದ ಗುರುತೊಂದಿದೆ, ಯಂತ್ರ ಅದನ್ನು ನೋಡಿಯೇ ಆಟಕ್ಕೆ ಒಪ್ಪಿಗೆ ಕೊಡುತ್ತದೆ. ಲೋಡರ್ ಆ ತಪಾಸಣೆಯನ್ನು ದಾಟಿ ಹೋಗುತ್ತದೆ. ಅಮೆರಿಕದ 1998ರ ಕಾಯಿದೆ ಇಂಥ ಬೀಗ ದಾಟುವುದನ್ನೇ ನಿಷೇಧಿಸಿದೆ, ಮೂರು ವರ್ಷಕ್ಕೊಮ್ಮೆ ಕೆಲವು ವಿನಾಯಿತಿಗಳನ್ನು ಪರಿಶೀಲಿಸಿ ಕೊಡುತ್ತಾರೆ. ನಮ್ಮಲ್ಲಿ 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮಿನ ದಾರಿ ಬೇರೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ದಾಟಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ಎನ್ನುತ್ತದೆ ಅದು. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ದಾಟಿದವರಿಗೆ ಈ ಶಿಕ್ಷೆ ಇಲ್ಲವೆಂದೂ ಹೇಳುತ್ತದೆ. ಉದ್ದೇಶ ಎಂಬ ಆ ಒಂದು ಪದವನ್ನು ಇಟ್ಟುಕೊಂಡದ್ದು ನಮ್ಮ ಸಂಸತ್ತಿನ ವಿವೇಕ. ಅದೇ ಕಲಮಿನಲ್ಲಿ ಇನ್ನೊಂದು ಷರತ್ತಿದೆ, ಅದನ್ನು ರಿಪೇರಿ ಅಂಗಡಿಯವರು ತಪ್ಪದೆ ತಿಳಿದಿರಬೇಕು. ಇಂಥ ನ್ಯಾಯವಾದ ಉದ್ದೇಶಕ್ಕೆ ಬೇರೊಬ್ಬರಿಗೆ ಬೀಗ ದಾಟಲು ನೆರವಾಗುವವನು, ಆ ವ್ಯಕ್ತಿಯ ಹೆಸರು, ವಿಳಾಸ, ಗುರುತಿನ ವಿವರ, ಯಾವ ಉದ್ದೇಶಕ್ಕೆ ನೆರವು ಕೊಟ್ಟದ್ದು ಎಂಬುದನ್ನೆಲ್ಲ ದಾಖಲೆ ಮಾಡಿಟ್ಟುಕೊಳ್ಳಬೇಕು. ಸೊರಬದ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಯಾರಾದರೂ ಗಿರಾಕಿಗೆ ಮೆಮೊರಿ ಕಾರ್ಡ್ ಸಿದ್ಧ ಮಾಡಿಕೊಟ್ಟರೆ, ಒಂದು ನೋಟ್‌ಬುಕ್ಕು ಇಟ್ಟಿದ್ದರೆ ಅವರು ಕಾನೂನಿನ ಒಳಗೆ. ಇಡದಿದ್ದರೆ ಸುಮ್ಮನೆ ತೊಂದರೆಗೆ ಬಾಗಿಲು ತೆರೆದಂತೆ.

ಕಂಪನಿಗೆ ನಷ್ಟವಾಗುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಆಟದಿಂದ ಆಟಕ್ಕೆ ಬೇರೆ. ಹಳೆಯ ಹೆಸರಾಂತ ಆಟಗಳಲ್ಲಿ ಕೆಲವನ್ನು ಹೊಸ ಯಂತ್ರಗಳಿಗೆ ಮತ್ತೆ ಮಾರುತ್ತಿದ್ದಾರೆ. ಅಂಥವು ಬೇಕಾದರೆ ಕೊಳ್ಳಬೇಕು, ಮಾಡಿದವರ ಶ್ರಮಕ್ಕೆ ಬೆಲೆ ಕೊಡಬೇಕು. ಆದರೆ ಉಳಿದ ರಾಶಿಯ ಗತಿ ಏನು? ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಆ ಹೊತ್ತಿಗೆ ಮಾರುಕಟ್ಟೆಯಲ್ಲೇ ಇರಲಿಲ್ಲ. ವೀ ಯಂತ್ರದ ಆನ್‌ಲೈನ್ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು, ವೀ ಯೂ ಅಂಗಡಿ 2023ರ ಮಾರ್ಚ್‌ನಲ್ಲಿ. ನಮ್ಮ ದೇಶದ್ದನ್ನೇ ನೋಡಿ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಪ್ಲೇಸ್ಟೇಷನ್ 2ಕ್ಕಾಗಿ ತಯಾರಿಸಿದ ಹನುಮಾನ್: ಬಾಯ್ ವಾರಿಯರ್ 2009ರಲ್ಲಿ ಬಂತು. ಅದೇ ಹೊತ್ತಿಗೆ ಹೈದರಾಬಾದಿನಲ್ಲೇ ತಯಾರಾದ ದೇಸಿ ಅಡ್ಡಾ ಎಂಬ ಆಟದಲ್ಲಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡು ಇದ್ದವು. ನಮ್ಮೂರ ಗದ್ದೆಬಯಲಿನ ಚಿನ್ನಿದಾಂಡು ಜಪಾನಿನ ಯಂತ್ರದೊಳಗೆ ಹೊಕ್ಕದ್ದು ಭಾರತದ ಗೇಮ್ ಉದ್ಯಮದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆ ಡಿಸ್ಕುಗಳು ಈಗ ಹೊಸದಾಗಿ ಅಚ್ಚಾಗುವುದಿಲ್ಲ. ಯಾರದೋ ಮನೆಯ ಪೆಟ್ಟಿಗೆಯಲ್ಲಿ ಗೀರು ಬಿದ್ದು, ಬೂಷ್ಟು ಹಿಡಿದು ಉಳಿದಷ್ಟೇ ಉಳಿದದ್ದು. ಅವುಗಳ ಪ್ರತಿ ತೆಗೆದಿಟ್ಟರೆ ಯಾರ ಗಲ್ಲಾಪೆಟ್ಟಿಗೆಗೂ ಕೈ ಹಾಕಿದಂತೆ ಆಗುವುದಿಲ್ಲ.

ಪ್ರತಿ ಮಾಡಿ ಉಳಿಸುವುದರ ಬೆಲೆ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಐದನೆಯ ಶತಮಾನದ ಕಂಬವಿದೆ, ಅದರ ಮೇಲೆ ಕುಬ್ಜನೆಂಬ ಕವಿ ಬರೆದ ಕದಂಬರ ಕಥೆಯಿದೆ. ಮಯೂರಶರ್ಮನ ಬಗ್ಗೆ ನಾಡಿಗೆ ತಿಳಿದಿರುವ ಮುಖ್ಯ ಸಂಗತಿಗಳು ಆ ಕಂಬದಿಂದ ಬಂದವು. ಆದರೆ ಕಂಬವನ್ನು ಕಣ್ಣಾರೆ ಕಂಡು ಓದಿದವರು ಎಷ್ಟು ಮಂದಿ? ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕೂರಿಸಿ, ಮಸಿ ಹಚ್ಚಿ ತೆಗೆದ ಪಡಿಯಚ್ಚುಗಳಿಂದಲೇ ವಿದ್ವಾಂಸರು ಶಾಸನಗಳನ್ನು ಓದುವುದು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರದ ಶಾಸನಗಳು ಅಚ್ಚಾದವು, ತಾಳಗುಂದದ ಕಂಬ ಅದರಲ್ಲಿ 176ನೆಯದು. ಸೊರಬದ ಶಾಸನಗಳು 1904ರ 8ನೆಯ ಸಂಪುಟದಲ್ಲಿ ಬಂದವು. ಗದ್ದೆಯ ಬದುವಿನಲ್ಲಿ ಬಿದ್ದು ಸವೆದ ಕಲ್ಲಿನ ಅಕ್ಷರ ಕೂಡ ಆ ಪುಟಗಳಲ್ಲಿ ಓದಲು ಸಿಗುತ್ತದೆ. ಶಾಸನಕ್ಕೆ ಹಕ್ಕುಸ್ವಾಮ್ಯವಿಲ್ಲ, ಆಟಕ್ಕಿದೆ, ಹೋಲಿಕೆ ಸರಿಯಲ್ಲ ಎಂದು ಹೇಳಬಹುದು. ಆ ವ್ಯತ್ಯಾಸ ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ನಮ್ಮ ಕಾಯಿದೆಯಲ್ಲಿ ಇಂಥ ಕೃತಿಯ ಹಕ್ಕುಸ್ವಾಮ್ಯ ಕನಿಷ್ಠ 60 ವರ್ಷ ಬಾಳುತ್ತದೆ. 2009ರ ಆಟ ಎಲ್ಲರದಾಗುವುದು 2069 ಕಳೆದ ಮೇಲೆ. ಅಷ್ಟು ಹೊತ್ತಿಗೆ ಓದಬಲ್ಲ ಡಿಸ್ಕೂ ಇರುವುದಿಲ್ಲ, ಓದುವ ಲೆನ್ಸೂ ಇರುವುದಿಲ್ಲ. ಕಲ್ಲಿಗೆ ಒಂದೂವರೆ ಸಾವಿರ ವರ್ಷ ಕಾಯುವ ಶಕ್ತಿಯಿತ್ತು, ಪ್ಲಾಸ್ಟಿಕ್ ತಟ್ಟೆಗೆ ಅದಿಲ್ಲ. ಹಕ್ಕುಸ್ವಾಮ್ಯದ ಅವಧಿಯ ಒಳಗೆ, ನ್ಯಾಯವಾದ ಮಾಲೀಕರ ಕೈಯಿಂದ ಪ್ರತಿಯಾದರಷ್ಟೇ ಅದು ಉಳಿಯುತ್ತದೆ.

ಮೊಬೈಲಿನಲ್ಲೇ ಸಾವಿರ ಆಟ ಸಿಗುವಾಗ ಈ ಹಳೆಯ ಪೆಟ್ಟಿಗೆಯ ಹಿಂದೆ ಬೀಳುವುದೇಕೆ ಎಂದು ತಂದೆತಾಯಂದಿರು ಕೇಳಬಹುದು. ನನಗೆ ಕಾಣುವಂತೆ ಅವರೇ ಇದನ್ನು ಮೊದಲು ಒಪ್ಪಬೇಕಾದವರು. ಮೊಬೈಲಿನ ಪುಕ್ಕಟೆ ಆಟ ನಿಮಿಷಕ್ಕೊಂದು ಜಾಹೀರಾತು ತೋರಿಸುತ್ತದೆ, ಮುಂದಿನ ಹಂತಕ್ಕೆ ದುಡ್ಡು ಕೇಳುತ್ತದೆ, ಮಗುವನ್ನು ಒಂಟಿಯಾಗಿ ಮೂಲೆಯಲ್ಲಿ ಕೂರಿಸುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಹಾವಳಿ ಎಷ್ಟರಮಟ್ಟಿಗೆ ಬೆಳೆಯಿತೆಂದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ಡಿಸ್ಕಿನ ಕಾಲದ ಆಟಕ್ಕೆ ನೆಟ್ ಬೇಡ, ಓಟಿಪಿ ಬೇಡ, ಬ್ಯಾಂಕ್ ಖಾತೆ ಬೇಡ. ಟಿ.ವಿ.ಯ ಮುಂದೆ ಅಣ್ಣ ತಮ್ಮ ಪಕ್ಕಪಕ್ಕ ಕೂತು ಎರಡು ಜಾಯ್‌ಸ್ಟಿಕ್ ಹಿಡಿದು ಆಡುವುದು, ಊಟಕ್ಕೆ ಕರೆದರೆ ನಿಲ್ಲಿಸಿ ಏಳುವುದು. ಮೊಬೈಲ್ ಸಿಗ್ನಲ್ಲು ಬಂದು ಹೋಗುವ ಹಳ್ಳಿಗಳಲ್ಲೂ ಅದು ನಡೆಯುತ್ತದೆ.

ಎಲ್ಲ ಯಂತ್ರಕ್ಕೂ ಇದನ್ನು ಮಾಡಬಹುದೆಂದು ನಾನು ಹೇಳುತ್ತಿಲ್ಲ. ಈಗ ಮಾರಾಟದಲ್ಲಿರುವ, ಕಂಪನಿಯ ಸೇವೆ ಸಿಗುವ, ಆನ್‌ಲೈನ್ ಖಾತೆಗೆ ಅಂಟಿಕೊಂಡ ಯಂತ್ರಗಳನ್ನು ಮುಟ್ಟಬಾರದು. ನಿಂಟೆಂಡೊ 2025ರ ಮೇನಲ್ಲಿ ತನ್ನ ಬಳಕೆದಾರರ ಒಪ್ಪಂದವನ್ನು ತಿದ್ದಿ, ನಿಯಮ ಮೀರಿದವರ ಯಂತ್ರವನ್ನು ಪೂರ್ತಿ ಬಳಸಲಾಗದಂತೆ ಮಾಡುವ ಹಕ್ಕನ್ನು ಇಟ್ಟುಕೊಂಡಿದೆ. ಆ ಷರತ್ತು ನನಗೆ ಒಪ್ಪಿಗೆಯಿಲ್ಲ, ಆದರೂ ಹತ್ತಾರು ಸಾವಿರ ಕೊಟ್ಟು ತಂದ ಸಾಮಾನನ್ನು ಪಣಕ್ಕಿಡುವುದು ಜಾಣತನವಲ್ಲ. ಹಳೆಯ ಯಂತ್ರಗಳಲ್ಲೂ ಎಚ್ಚರಿಕೆ ಬೇಕು. ವೀಯಲ್ಲಿ ತಪ್ಪು ತಂತ್ರಾಂಶ ಹಾಕಿದರೆ ಅದು ಇಟ್ಟಿಗೆಯಂತೆ ಸುಮ್ಮನೆ ಕೂತುಬಿಡಬಹುದು. ಮೊದಲು ಅದರ ಒಳಗಿನ ನೆನಪಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಈ ತಂತ್ರಾಂಶಗಳೆಲ್ಲ ಉಚಿತ. ಅವಕ್ಕೇ ದುಡ್ಡು ಕೇಳುವವರನ್ನು ನಂಬಬೇಡಿ. ಅಂಗಡಿಯವರು ತಮ್ಮ ಸಮಯಕ್ಕೆ, ಕಾರ್ಡಿನ ಬೆಲೆಗೆ ಕೂಲಿ ಕೇಳಿದರೆ ಅದು ಅವರ ಹಕ್ಕು, ಕೊಡಿ.

ಶಿಕಾರಿಪುರ, ಸೊರಬದ ರಿಪೇರಿ ಅಂಗಡಿಯವರಲ್ಲಿ ಒಂದು ಮನವಿ. ಆಟ ತುಂಬಿದ ಹಾರ್ಡ್‌ಡಿಸ್ಕ್ ಕೇಳಿಕೊಂಡು ಬಂದವರನ್ನು ವಾಪಸು ಕಳಿಸಿ. ಮೂಲ ಡಿಸ್ಕುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದವರಿಗೆ ಅವನ್ನು ಅವರ ಕಣ್ಣೆದುರೇ ಪ್ರತಿ ಮಾಡಿಕೊಡಿ. ಹೆಸರು, ವಿಳಾಸ, ಯಂತ್ರದ ಮಾದರಿ, ಡಿಸ್ಕಿನ ಹೆಸರು, ಉದ್ದೇಶ ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಅಟ್ಟದ ಮೇಲೆ ಪೆಟ್ಟಿಗೆ ಇಟ್ಟುಕೊಂಡಿರುವ ಓದುಗರು ಮುಂದಿನ ಮಳೆಗಾಲಕ್ಕೆ ಮೊದಲೇ ಡಿಸ್ಕುಗಳನ್ನು ಕೆಳಗಿಳಿಸಿ ನೋಡಿ, ಓದುವಂತಿದ್ದರೆ ಈಗಲೇ ಪ್ರತಿ ತೆಗೆಸಿಡಿ.